ಬೇಡ ಎನ್ನಲಾಗದವಳ ಒಲವು

ಪ್ರಶ್ನೆ: ನಾನು ಶಿವಮೊಗ್ಗದವಳು, ಹನ್ನೊಂದು ವರ್ಷಗಳಿಂದ ಅಮೆರಿಕದ ಅಟ್ಲಾಂಟಾದಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ಮನೆಯವರೊಂದಿಗೆ ಜಾರ್ಜಿಯಾ ಕರಾವಳಿಯ ಹಳೆಯ ಪ್ಲಾಂಟೇಷನ್ (ಗುಲಾಮರು ದುಡಿಯುತ್ತಿದ್ದ ದೊಡ್ಡ ಜಮೀನು) ಒಂದನ್ನು ನೋಡಲು ಹೋಗಿದ್ದೆ. ಓಕ್ ಮರಗಳ ಸಾಲು, ಬಿಳಿ ಕಂಬಗಳ ದೊಡ್ಡ ಮನೆ, ಹಿಂದೆ ಗುಲಾಮರ ಪುಟ್ಟ ಗುಡಿಸಲುಗಳು ಮನಸ್ಸಿನಲ್ಲಿ ಉಳಿದುಬಿಟ್ಟವು. ಕನ್ನಡದಲ್ಲಿ ಒಂದು ಪ್ರೇಮ ಕಾದಂಬರಿ ಆರಂಭಿಸಿದೆ. ನೂರಾ ಎಂಬತ್ತು ಪುಟಗಳಾಗಿವೆ. ಕಾಲ 1856. ದೊಡ್ಡ ಮನೆಯಲ್ಲಿ ಕೆಲಸ ಮಾಡುವ ಗುಲಾಮ ಹುಡುಗಿ ರೋಸಾ, ಹತ್ತೊಂಬತ್ತು ವರ್ಷ, ತಿಳಿ ಬಣ್ಣದವಳು. ಉತ್ತರದ ರಾಜ್ಯದಲ್ಲಿ ಓದಿ ಬಂದ ಒಡೆಯನ ಮಗ ಎಡ್ವರ್ಡ್ ಎಂದೂ ಚಾಟಿ ಮುಟ್ಟದ ಮೃದು ಸ್ವಭಾವದವನು. ಅವಳಿಗೆ ಗುಟ್ಟಾಗಿ ಓದು ಕಲಿಸುತ್ತಾನೆ, ಪ್ರೀತಿ ಬೆಳೆಯುತ್ತದೆ. ಕೊನೆಗೆ ತಂದೆಯನ್ನು ಎದುರು ಹಾಕಿಕೊಂಡು, ಅವಳ ಖರೀದಿ ಪತ್ರವನ್ನು ಹರಿದು, ಅವಳನ್ನು ಸ್ವತಂತ್ರಳನ್ನಾಗಿ ಮಾಡಿ ಮದುವೆಯಾಗುತ್ತಾನೆ. ಕಚೇರಿಯಲ್ಲಿ ಜೊತೆಗಿರುವ ಆಫ್ರಿಕನ್ ಅಮೆರಿಕನ್ ಗೆಳತಿಗೆ ಊಟದ ಹೊತ್ತಿನಲ್ಲಿ ಈ ಕಥೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ರೋಸಾ ಬೇಡ ಎಂದಿದ್ದರೆ ಏನಾಗುತ್ತಿತ್ತು?” ಎಂದು ಮಾತ್ರ ಕೇಳಿದರು. ಅಂದಿನಿಂದ ಒಂದು ಸಾಲನ್ನೂ ಬರೆಯಲಾಗಿಲ್ಲ. ಒಳ್ಳೆಯ ಒಡೆಯರೂ ಇದ್ದಿರಲಿಲ್ಲವೇ? ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಮತ್ತು ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರದು ಪ್ರೀತಿಯಲ್ಲವೇ? ನಮ್ಮ ಕನ್ನಡದ ಓದುಗರಿಗೆ ಈ ವರ್ಣದ ಸೂಕ್ಷ್ಮಗಳು ಅಷ್ಟು ಮುಖ್ಯವೇ? ಇದನ್ನು ಬರೆಯುವ ಹಕ್ಕು ನನಗಿದೆಯೇ, ಅಥವಾ ಹರಿದು ಹಾಕಲೇ?

ಉತ್ತರ: ಹರಿದು ಹಾಕಬೇಡಿ. ನಿಮ್ಮ ಗೆಳತಿ ಕೇಳಿದ್ದು ಒಬ್ಬ ಒಳ್ಳೆಯ ಸಂಪಾದಕ ಮೊದಲ ಓದಿನಲ್ಲೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದಕ್ಕೆ ನೀವು ಬರವಣಿಗೆ ನಿಲ್ಲಿಸಿದ್ದೀರಲ್ಲ, ಅದರಿಂದಲೇ ಈ ಕಾದಂಬರಿಯ ಬಗ್ಗೆ ನನಗೆ ಭರವಸೆ ಬಂದಿದೆ. ನಾನು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡಿದವನು, ಆಮೇಲಿನ ಹದಿನೈದು ವರ್ಷಗಳಿಂದ ಕಾದಂಬರಿಗಳ ಹಸ್ತಪ್ರತಿ ತಿದ್ದುತ್ತಿದ್ದೇನೆ. ಈ ಎರಡೂ ಕೆಲಸಗಳ ಅನುಭವದಿಂದ ಹೇಳುತ್ತೇನೆ: ನಿಮ್ಮ ಕಾದಂಬರಿಯಲ್ಲಿ ಪ್ರೀತಿ ಇರುವುದರಿಂದ ತೊಂದರೆಯಾಗಿಲ್ಲ, ಆ ಪ್ರೀತಿಯನ್ನು ಇಟ್ಟ ಜಾಗ ತಪ್ಪಾಗಿದೆ.

ಮೊದಲು ಗೆಳತಿಯ ಪ್ರಶ್ನೆಗೆ ದಾಖಲೆಗಳು ಕೊಡುವ ಉತ್ತರವನ್ನು ನೋಡೋಣ.

ಹ್ಯಾರಿಯೆಟ್ ಜೇಕಬ್ಸ್ ಎಂಬ ಹೆಂಗಸು ಉತ್ತರ ಕ್ಯಾರೊಲೈನಾದ ಈಡನ್‌ಟನ್ ಎಂಬ ಊರಿನಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ನಿಮ್ಮ ರೋಸಾಳ ಹಾಗೆಯೇ ಮನೆಯೊಳಗಿನ ಕೆಲಸ. ಹದಿಹರೆಯದಲ್ಲೇ ಆ ಮನೆಯ ಯಜಮಾನನಾದ ವೈದ್ಯ ಬೆನ್ನು ಹತ್ತಿದ. ಅವರು ಪ್ರೀತಿಸಿದ್ದು ಒಬ್ಬ ಬಡಗಿಯನ್ನು. ಅವನು ಸ್ವತಂತ್ರನಾಗಿದ್ದ ಕಪ್ಪು ಯುವಕ, ಮದುವೆಯಾಗಲು ಸಿದ್ಧನಿದ್ದ. ವೈದ್ಯ ಒಪ್ಪಲಿಲ್ಲ. ಕೊನೆಗೆ ಮುಖ್ಯವಾಗಿ ವೈದ್ಯನ ಕೈಗೆ ಬೀಳಬಾರದೆಂದು ಹ್ಯಾರಿಯೆಟ್ ಬೇರೊಬ್ಬ ಬಿಳಿಯ ವಕೀಲನ ಸಂಬಂಧವನ್ನು ತಾವಾಗಿ ಒಪ್ಪಿಕೊಂಡರು, ಇಬ್ಬರು ಮಕ್ಕಳಾದರು. ಆಮೇಲೆ ತಪ್ಪಿಸಿಕೊಂಡು ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದರು. ಆ ಅಟ್ಟ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆಯಲ್ಲಿ ಮೂರೇ ಅಡಿ. ಸುಮಾರು ಏಳು ವರ್ಷ ಅಲ್ಲಿದ್ದರು. ಕೆಳಗೆ ಆಡುತ್ತಿದ್ದ ಸ್ವಂತ ಮಕ್ಕಳನ್ನು ಒಂದು ಸಣ್ಣ ಕಿಂಡಿಯಿಂದ ನೋಡುತ್ತಿದ್ದರು. ಬೇಡ ಎಂದುದಕ್ಕೆ ತೆತ್ತ ಬೆಲೆ ಅದು. 1842ರಲ್ಲಿ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ತಲುಪಿದರು, 1861ರಲ್ಲಿ ತಮ್ಮ ಬದುಕನ್ನು ಹೆಸರು ಮರೆಸಿಕೊಂಡು ಪ್ರಕಟಿಸಿದರು. ಆ ಪುಸ್ತಕದಲ್ಲಿ ಒಂದು ಮಾತಿದೆ: ದಯೆಯಿಂದ ಮತ್ತು ಒಲವಿನಿಂದ ಗಳಿಸಿದ ಹಿಡಿತವನ್ನು ಬಿಟ್ಟು ತನ್ನ ಮೇಲೆ ಬೇರೆ ಯಾವ ಅಧಿಕಾರವೂ ಇಲ್ಲದ ಪ್ರಿಯಕರನೊಬ್ಬ ಇರುವುದರಲ್ಲಿ ಸ್ವಾತಂತ್ರ್ಯವನ್ನು ಹೋಲುವ ಏನೋ ಇದೆ ಎಂದು. ಪ್ರೇಮ ಕಾದಂಬರಿ ಬರೆಯುವವರು ಈ ಮಾತನ್ನು ಎರಡು ಸಲ ಓದಬೇಕು. ಗುಲಾಮಗಿರಿಯಲ್ಲಿದ್ದ ಹೆಂಗಸೊಬ್ಬಳು ಪ್ರೀತಿಯ ವ್ಯಾಖ್ಯೆಯನ್ನು ಇಲ್ಲಿ ತಾನೇ ಹೇಳಿದ್ದಾಳೆ. ಒಡೆತನ ಇಲ್ಲದ ಕಡೆ ಮಾತ್ರ ಅದು ಶುರುವಾಗುತ್ತದೆ.

ಇನ್ನೊಬ್ಬಳ ಹೆಸರು ಸೀಲಿಯಾ. 1850ರಲ್ಲಿ ಮಿಸೌರಿಯ ಕ್ಯಾಲವೇ ಕೌಂಟಿಯ ರೈತನೊಬ್ಬ ಅವಳನ್ನು ಕೊಂಡಾಗ ಅವಳಿಗೆ ಹದಿನಾಲ್ಕರ ಆಸುಪಾಸು. ಐದು ವರ್ಷ ಅವನ ದೌರ್ಜನ್ಯ ಸಹಿಸಿ, 1855ರ ಜೂನ್ ತಿಂಗಳ ಒಂದು ರಾತ್ರಿ ಹೊಡೆದಳು, ಅವನು ಸತ್ತ. ಯಾವುದೇ ಹೆಂಗಸು ತನ್ನ ಮಾನ ರಕ್ಷಿಸಿಕೊಳ್ಳಬಹುದು ಎಂದು ಮಿಸೌರಿಯ ಕಾನೂನು ಹೇಳುತ್ತಿತ್ತು. ‘ಯಾವುದೇ ಹೆಂಗಸು’ ಎಂಬ ಮಾತಿನೊಳಗೆ ಗುಲಾಮಗಿರಿಯಲ್ಲಿರುವವಳು ಬರುವುದಿಲ್ಲವೆಂದು ನ್ಯಾಯಾಲಯ ಬಗೆಯಿತು. ಅದೇ ಡಿಸೆಂಬರಿನಲ್ಲಿ ಅವಳನ್ನು ಗಲ್ಲಿಗೇರಿಸಿದರು. ನಿಮ್ಮ ಕಾದಂಬರಿ ಶುರುವಾಗುವುದು 1856ರಲ್ಲಿ, ಅಂದರೆ ಸೀಲಿಯಾ ಸತ್ತ ಮರುವರ್ಷ.

ಗೆಳತಿ ಸುಮ್ಮನಾದದ್ದು ಏಕೆಂದು ಈಗ ಗೊತ್ತಾಗುತ್ತದೆ. ರೋಸಾಳ ‘ಬೇಡ’ಕ್ಕೆ ಬೆಲೆಯಿಲ್ಲದ ಕಡೆ ಅವಳ ‘ಹೂಂ’ಗೂ ಅರ್ಥ ಉಳಿಯುವುದಿಲ್ಲ. ಎಡ್ವರ್ಡ್ ಎಷ್ಟೇ ಮೃದುವಾಗಿರಲಿ, ಅವನ ಮೃದುತನ ಅವನಿಗೆ ಬೇಕಾದಾಗ ಕೊಟ್ಟು ಬೇಡವಾದಾಗ ಹಿಂತೆಗೆದುಕೊಳ್ಳಬಹುದಾದ ವಸ್ತು. ಅವಳ ಮನಸ್ಸಿನಲ್ಲಿ ಅವನ ಬಗ್ಗೆ ಏನೂ ಹುಟ್ಟಲಾರದು ಎಂದು ನಾನು ಹೇಳುತ್ತಿಲ್ಲ. ಮನುಷ್ಯರ ಮನಸ್ಸು ಎಂತಹ ಇಕ್ಕಟ್ಟಿನಲ್ಲೂ ಏನನ್ನಾದರೂ ಹಚ್ಚಿಕೊಳ್ಳುತ್ತದೆ. ಆದರೆ ಹಾಗೆ ಹುಟ್ಟಿದ್ದನ್ನು ಪ್ರೇಮ ಕಾದಂಬರಿಯ ಚೌಕಟ್ಟಿಗೆ ಹಾಕಿದ ಕೂಡಲೇ ಬೇರೊಂದು ಆಗುತ್ತದೆ. ಪ್ರೇಮ ಕಾದಂಬರಿ ಓದುಗರಿಗೆ ಒಂದು ವಚನ ಕೊಟ್ಟಿರುತ್ತದೆ: ಕೊನೆಯಲ್ಲಿ ಇಬ್ಬರೂ ಸುಖವಾಗಿರುತ್ತಾರೆ, ನಡುವೆ ಬಂದ ಕಷ್ಟಗಳೆಲ್ಲ ಈ ಸುಖಕ್ಕೆ ದಾರಿಯಾದವು ಎಂದು. ಗುಲಾಮಗಿರಿಯನ್ನು ಆ ದಾರಿಯ ಒಂದು ಮೈಲುಗಲ್ಲಾಗಿ ಮಾಡಿದರೆ, ಸುಖಾಂತ್ಯವೇ ಆ ವ್ಯವಸ್ಥೆಯನ್ನು ಮನ್ನಿಸಿಬಿಡುತ್ತದೆ. ನೀವು ಮನ್ನಿಸಲು ಹೊರಟವರಲ್ಲ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಆದರೂ ಚೌಕಟ್ಟು ತನ್ನ ಕೆಲಸ ಮಾಡುತ್ತದೆ.

‘ಒಳ್ಳೆಯ ಒಡೆಯ’ನ ಮಾತಿಗೆ ಬರುತ್ತೇನೆ. ಚಾಟಿ ಎತ್ತದ ಒಡೆಯರು ಇದ್ದರು, ನಿಜ. ಅವರೂ ಸಾಲ ಮಾಡುತ್ತಿದ್ದರು, ಸಾಯುತ್ತಿದ್ದರು. ಸಾಲ ಕೊಟ್ಟವರು ಬಂದಾಗ, ಆಸ್ತಿ ಪಾಲಾಗುವಾಗ ಹರಾಜಿಗೆ ಹೋಗುತ್ತಿದ್ದುದು ಮನುಷ್ಯರು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಆಮೇಲೆ ದೇಶದೊಳಗಿನ ವ್ಯಾಪಾರ ಬೆಳೆಯಿತು, ಅಂತರ್ಯುದ್ಧದವರೆಗಿನ ದಶಕಗಳಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಹಳೆಯ ರಾಜ್ಯಗಳಿಂದ ಹತ್ತಿ ಬೆಳೆಯುವ ಆಳ ದಕ್ಷಿಣಕ್ಕೆ ಸಾಗಿಸಿದರು. ಇನ್ನೊಂದು ಹಳೆಯ ಕಟ್ಟಳೆ ಇದಕ್ಕಿಂತ ಕ್ರೂರ. 1662ರಲ್ಲಿ ವರ್ಜೀನಿಯಾ ಮಾಡಿದ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯದನ್ನು ಅನುಸರಿಸುತ್ತದೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಇರಲಿ. ಇಂಗ್ಲೆಂಡಿನ ರೂಢಿಯಲ್ಲಿ ಮಗು ತಂದೆಯ ಕುಲಕ್ಕೆ ಸೇರುತ್ತಿತ್ತು. ಅದನ್ನು ತಿರುಗಿಸಿದ್ದರಿಂದ ಒಡೆಯನ ಅತ್ಯಾಚಾರವೇ ಅವನ ಆಸ್ತಿಯನ್ನು ಬೆಳೆಸುವಂತಾಯಿತು. ರೋಸಾ–ಎಡ್ವರ್ಡರಿಗೆ ಕಾದಂಬರಿಯ ನಡುವೆ ಮಗುವಾದರೆ ಆ ಮಗು ಅಜ್ಜನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗುತ್ತದೆ.

ನಿಮ್ಮ ಕೊನೆಯ ಅಧ್ಯಾಯವಂತೂ ಜಾರ್ಜಿಯಾದಲ್ಲಿ ನಡೆಯುವುದೇ ಸಾಧ್ಯವಿಲ್ಲ. ಅಲ್ಲಿ 1801ರಿಂದಲೇ ಶಾಸನಸಭೆಯ ಒಪ್ಪಿಗೆಯಿಲ್ಲದೆ ಗುಲಾಮರನ್ನು ಬಿಡುಗಡೆ ಮಾಡುವಂತಿರಲಿಲ್ಲ. ಪತ್ರ ಹರಿದರೆ ಹರಿದ ಪತ್ರ ಉಳಿಯುತ್ತದೆ, ರೋಸಾ ಹಾಗೆಯೇ ಇರುತ್ತಾಳೆ. ಅಷ್ಟಕ್ಕೂ ಅವಳು ಎಡ್ವರ್ಡನ ಆಸ್ತಿಯಲ್ಲ, ಅವನ ತಂದೆಯದು. ಗುಲಾಮಗಿರಿಯಲ್ಲಿದ್ದವರು ಕಾನೂನಿನಲ್ಲಿ ಯಾವ ಒಪ್ಪಂದವನ್ನೂ ಮಾಡಿಕೊಳ್ಳಲಾರರು, ಮದುವೆಯೂ ಒಂದು ಒಪ್ಪಂದ. ಅವಳಿಗೆ ಓದು ಕಲಿಸುವುದೂ 1829ರಿಂದ ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಎಡ್ವರ್ಡ್ ತಪ್ಪಿಸಿಕೊಂಡಾನು, ಅವಳ ಗತಿ? ಆ ಓದಿನ ದೃಶ್ಯವನ್ನು ನೀವು ದೀಪದ ಬೆಳಕಿನಲ್ಲಿ ಬಹಳ ಚೆಂದವಾಗಿ ಬರೆದಿರಬಹುದು. ರೋಸಾಳ ಕಣ್ಣಿನಿಂದ ಮತ್ತೆ ಬರೆದು ನೋಡಿ. ಅವಳ ಕಿವಿ ಪುಸ್ತಕದ ಮೇಲಿರುವುದಿಲ್ಲ, ಬಾಗಿಲ ಮೇಲಿರುತ್ತದೆ.

ಜೆಫರ್ಸನ್ ವಿಷಯವನ್ನು ಹಲವರು ಕೇಳುತ್ತಾರೆ. ಆದ್ದರಿಂದ ಗೊತ್ತಿರುವುದನ್ನು ಇದ್ದಂತೆ ಹೇಳುತ್ತೇನೆ. ಸ್ಯಾಲಿ ಹೆಮಿಂಗ್ಸ್ 1787ರಲ್ಲಿ ಜೆಫರ್ಸನ್ ಅವರ ಮಗಳ ಜೊತೆಗಾರಳಾಗಿ ಪ್ಯಾರಿಸ್ಸಿಗೆ ಹೋದಾಗ ಹದಿನಾಲ್ಕು ವರ್ಷದವಳು, ಜೆಫರ್ಸನ್‌ಗೆ ನಲವತ್ತನಾಲ್ಕು. ಅವಳು ಜೆಫರ್ಸನ್ ಅವರ ತೀರಿಕೊಂಡ ಹೆಂಡತಿಗೆ ಮಲತಂಗಿ, ಇಬ್ಬರಿಗೂ ಒಬ್ಬನೇ ತಂದೆ. ಫ್ರಾನ್ಸಿನ ನೆಲದಲ್ಲಿ ಅವಳು ಸ್ವಾತಂತ್ರ್ಯ ಕೇಳಬಹುದಿತ್ತು. ಅವಳ ಮಗ ಮ್ಯಾಡಿಸನ್ 1873ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ ಪ್ರಕಾರ, ತನಗೆ ಹುಟ್ಟುವ ಮಕ್ಕಳೆಲ್ಲರನ್ನೂ ಇಪ್ಪತ್ತೊಂದನೇ ವಯಸ್ಸಿಗೆ ಬಿಡುಗಡೆ ಮಾಡುವ ಮಾತು ಪಡೆದೇ ಅವಳು ಎರಡು ವರ್ಷಗಳ ನಂತರ ವರ್ಜೀನಿಯಾಕ್ಕೆ ಮರಳಿದಳು. 1998ರ ಡಿಎನ್‌ಎ ಪರೀಕ್ಷೆ ಮತ್ತು ದಾಖಲೆಗಳನ್ನು ಒಟ್ಟಿಗೆ ನೋಡಿ, ಜೆಫರ್ಸನ್ ಅವರ ಮನೆಯನ್ನು ನಡೆಸುವ ಪ್ರತಿಷ್ಠಾನವೇ ಆ ಮಕ್ಕಳ ತಂದೆ ಅವರೇ ಎಂಬ ನಿರ್ಣಯಕ್ಕೆ ಬಂದಿದೆ. ಸ್ಯಾಲಿಯನ್ನು ಮಾತ್ರ ಜೆಫರ್ಸನ್ ಕಾನೂನುಬದ್ಧವಾಗಿ ಬಿಡುಗಡೆ ಮಾಡಲೇ ಇಲ್ಲ. ಅವಳದೇ ಮಾತಿನಲ್ಲಿ ಒಂದು ಸಾಲೂ ಉಳಿದಿಲ್ಲ. ಇದರಲ್ಲಿ ಪ್ರೀತಿ ಇತ್ತೋ ಇಲ್ಲವೋ ಎಂದು ಕೇಳುವವರಿಗೆ ನಾನು ಕಾಣುವುದನ್ನು ತೋರಿಸುತ್ತೇನೆ: ತನ್ನ ಮಕ್ಕಳ ಬಿಡುಗಡೆಗಾಗಿ ಹದಿನಾರು ವರ್ಷದ ಹುಡುಗಿ ಚೌಕಾಸಿ ಮಾಡಿದಳು. ಕಾದಂಬರಿಕಾರರಿಗೆ ಇದು ಅಪಾರವಾದ ವಸ್ತು. ಪ್ರೇಮಕಥೆಯ ಸಾಕ್ಷ್ಯವಾಗಿ ಇದನ್ನು ತರಬೇಡಿ.

ರೋಸಾ ತಿಳಿ ಬಣ್ಣದವಳು ಎಂದಿರಿ. ಏಕೆ? ಇದನ್ನು ಆಕ್ಷೇಪವಾಗಿ ಕೇಳುತ್ತಿಲ್ಲ. ನಮ್ಮ ಕೈಯಲ್ಲಿ ನಾಯಕಿ ತಾನಾಗಿಯೇ ಬೆಳ್ಳಗಾಗಿಬಿಡುತ್ತಾಳೆ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಳು’ ಎಂಬ ವಾಕ್ಯ ಎಷ್ಟು ಕನ್ನಡ ಕಥೆಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಆ ‘ದ್ದರೂ’ ಎಂಬ ಎರಡು ಅಕ್ಷರಗಳಲ್ಲಿ ನಮ್ಮ ಇಡೀ ಪೂರ್ವಗ್ರಹ ಕುಳಿತಿದೆ. ಜಾರ್ಜಿಯಾದ ಪ್ಲಾಂಟೇಷನ್ನಿನಲ್ಲಿ ತಿಳಿ ಬಣ್ಣಕ್ಕೆ ಬೇರೆಯೇ ಅರ್ಥವಿತ್ತು. ಹಿಂದಿನ ತಲೆಮಾರಿನಲ್ಲಿ ನಡೆದುದಕ್ಕೆ ಅದೇ ಸಾಕ್ಷಿ. ಜಾರ್ಜಿಯಾದ ಎಲೆನ್ ಕ್ರಾಫ್ಟ್ ಎಂಬಾಕೆಯ ತಂದೆ ಅವಳ ಒಡೆಯನೇ. ಮನೆಗೆ ಬಂದವರು ಅವಳನ್ನು ಆ ಮನೆಯ ಮಗಳೆಂದೇ ತಿಳಿಯುತ್ತಿದ್ದುದರಿಂದ ಮನೆಯೊಡತಿಗೆ ಕಸಿವಿಸಿಯಾಗಿ, ಹನ್ನೊಂದನೇ ವಯಸ್ಸಿನಲ್ಲಿ ಅವಳನ್ನು ತನ್ನ ಮಗಳ ಮದುವೆಗೆ ಉಡುಗೊರೆಯಾಗಿ ಕೊಟ್ಟುಬಿಟ್ಟಳು. ಅಂದರೆ ಅಕ್ಕನಿಗೆ ತಂಗಿಯೇ ಉಡುಗೊರೆ. ನ್ಯೂ ಆರ್ಲಿಯನ್ಸ್ ಮಾರುಕಟ್ಟೆಯಲ್ಲಿ ತಿಳಿ ಬಣ್ಣದ ಹುಡುಗಿಯರಿಗೆ ಬೇರೆಯೇ ಬೆಲೆ, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ರೋಸಾಳ ಬಣ್ಣವನ್ನು ಹಾಗೆಯೇ ಇಡುವುದಾದರೆ ಅವಳ ತಂದೆ ಯಾರು ಎಂದು ಲೇಖಕಿಗೆ ಗೊತ್ತಿರಬೇಕು. ಅದು ಎಡ್ವರ್ಡನ ತಂದೆಯೇ ಆಗಿರುವ ಸಾಧ್ಯತೆಯನ್ನು ಎದುರಿಸಿದ ಮೇಲೆ ಅವರಿಬ್ಬರ ಪ್ರೀತಿ ಬೆಳೆಯುವ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಚರ್ಮವನ್ನು ಕಾಫಿಗೆ, ಚಾಕೊಲೇಟಿಗೆ, ಬೆಲ್ಲದ ಪಾಕಕ್ಕೆ ಹೋಲಿಸುವುದನ್ನೂ ಬಿಡಿ. ಅವೆಲ್ಲ ಇದೇ ಜನರ ಬೆನ್ನಿನ ಮೇಲೆ ಬೆಳೆದ ಬೆಳೆಗಳು.

ಕನ್ನಡದ ಓದುಗರಿಗೆ ಇದು ಮುಖ್ಯವೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಹೆಚ್ಚೇ ಮುಖ್ಯ. ಇಂಗ್ಲಿಷಿನಲ್ಲಿ ಈ ವಿಷಯದ ನೂರು ಪುಸ್ತಕ ಓದಿದವರಿಗೆ ನಿಮ್ಮದು ನೂರೊಂದನೆಯದು. ದಾವಣಗೆರೆಯಲ್ಲೋ ಗದಗದಲ್ಲೋ ನಿಮ್ಮ ಕಾದಂಬರಿ ಹಿಡಿಯುವ ಹುಡುಗಿಗೆ ಅಮೆರಿಕದ ಗುಲಾಮಗಿರಿ ಎಂದರೆ ನೀವು ಹೇಳಿದ್ದೇ ಆಗಬಹುದು. ಇನ್ನೊಂದು ಮಾತು. ಕನ್ನಡ ಓದುವವರಲ್ಲಿ ಆಫ್ರಿಕಾ ಮೂಲದವರು ಇಲ್ಲ ಎಂಬ ಊಹೆಯೇ ಸರಿಯಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದು, ಅಲ್ಲಿಂದ ಕಾಡಿಗೆ ತಪ್ಪಿಸಿಕೊಂಡು ಬಂದವರು. ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಓದುತ್ತಿದ್ದಾರೆ. ನಿಮ್ಮ ಪುಸ್ತಕ ಅವರ ಕೈಗೂ ಹೋಗುತ್ತದೆ.

ಕನ್ನಡದಲ್ಲಿ ಬರೆಯುವುದರಿಂದಲೇ ಹುಟ್ಟುವ ಕೆಲವು ತೊಡಕುಗಳಿವೆ. ಅವುಗಳ ಬಗ್ಗೆ ಯಾರೂ ಎಚ್ಚರಿಸುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ರೋಸಾ ಎಡ್ವರ್ಡನನ್ನು ಏನೆಂದು ಕರೆಯುತ್ತಾಳೆ? ‘ಯಜಮಾನರೇ’ ಎಂದರೆ ನಮ್ಮಲ್ಲಿ ಅದು ಗಂಡನನ್ನು ಸೂಚಿಸುವ ಮಾತು, ಮೊದಲ ಪುಟದಲ್ಲೇ ಮದುವೆ ಮಾಡಿಸಿದಂತಾಗುತ್ತದೆ. ‘ಒಡೆಯ’ ಎಂದರೆ ವಚನಕಾರರ ದೇವರು, ಮೈಸೂರಿನ ಅರಸರು. ಕನ್ನಡಿಗರ ಕಿವಿಗೆ ಆ ಪದದಲ್ಲಿ ಭಕ್ತಿಯ ಬಿಸುಪಿದೆ. ‘ದಾಸಿ’ ಎಂದರೆ ಒಂದು ಕಡೆ ಹರಿದಾಸರ ವಿನಯ, ಇನ್ನೊಂದು ಕಡೆ ಬೈಗುಳ. ‘ಜೀತ’ ಸಾಲದಿಂದ ಬಂದ ಬಂಧನ, ಮನುಷ್ಯನನ್ನೇ ಕೊಂಡು ಮಾರುವ ವ್ಯವಸ್ಥೆಯೊಂದಿಗೆ ಅದನ್ನು ಒಂದೇ ಮಾಡಿದರೆ ಎರಡಕ್ಕೂ ಅನ್ಯಾಯ. ‘ತೋಟ’ ಎಂದರೆ ನಿಮಗೂ ನನಗೂ ಅಡಿಕೆ ಮರಗಳ ತಂಪು. ಆದ್ದರಿಂದ ಪ್ಲಾಂಟೇಷನ್ ಎಂದೇ ಬರೆಯಿರಿ. ‘ಗುಲಾಮರು’ ಎಂಬುದು ಅವರ ಹುಟ್ಟುಗುಣವೇನೋ ಎನ್ನುವಂತೆ ಕೇಳಿಸುವ ಕಡೆಯಲ್ಲೆಲ್ಲ ‘ಗುಲಾಮಗಿರಿಯಲ್ಲಿದ್ದವರು’ ಎನ್ನಿ, ಅದಕ್ಕಿಂತ ಒಳ್ಳೆಯದು ಅವರ ಹೆಸರು ಹೇಳಿಬಿಡುವುದು. ‘ನೀಗ್ರೋ’ ಎಂಬ ಹಳೆಯ ಪದ ಆ ಕಾಲದ ಪಾತ್ರಗಳ ಬಾಯಲ್ಲಿ, ಆ ಕಾಲದ ದಾಖಲೆಗಳಲ್ಲಿ ಬರಬಹುದು. ನಿರೂಪಕಿಯ ಬಾಯಲ್ಲಿ ಬೇಡ. ‘ಕರಿಯ’ ಎನ್ನುವುದು ನಮ್ಮಲ್ಲಿ ಹೀಯಾಳಿಕೆಯೂ ಹೌದು.

ಮಾತಿನ ಧಾಟಿ ಇದಕ್ಕಿಂತ ಸೂಕ್ಷ್ಮ. ನನ್ನ ಮೇಜಿಗೆ ಬಂದ ಇಂತಹ ಹಸ್ತಪ್ರತಿಗಳಲ್ಲಿ ಹೆಚ್ಚಿನವುಗಳಲ್ಲಿ ಬಿಳಿಯರು ಶುದ್ಧ ಗ್ರಾಂಥಿಕ ಕನ್ನಡ ಆಡುತ್ತಾರೆ, ಕಪ್ಪು ಜನ ಹಳ್ಳಿಯ ಕೂಲಿಯವರ ಕನ್ನಡ ಆಡುತ್ತಾರೆ, ‘ಬುದ್ಧಿ’, ‘ಧಣಿ’ ಎಂದು ಕೈಮುಗಿಯುತ್ತಾರೆ. ಹಾಗೆ ಮಾಡಿದಾಗ ಲೇಖಕರು ತಮಗೆ ತಿಳಿಯದೆಯೇ ನಮ್ಮ ಜಾತಿಯ ಏಣಿಯನ್ನು ಒಯ್ದು ಅಲ್ಲಿ ನಿಲ್ಲಿಸಿರುತ್ತಾರೆ. ಒಮ್ಮೆ ನಾನೇ ಅಂತಹದನ್ನು ಗಮನಿಸದೆ ಮುದ್ರಣಕ್ಕೆ ಬಿಟ್ಟೆ. ಪುಸ್ತಕ ಬಂದ ಮೇಲೆ ಕೋಲಾರದ ಕಡೆಯ ದಲಿತ ಓದುಗರೊಬ್ಬರು ಪತ್ರ ಬರೆದು, ‘ಆ ಪಾತ್ರಗಳು ನಮ್ಮ ಅಜ್ಜಿಯ ಮಾತನ್ನು ಏಕೆ ಆಡುತ್ತಿವೆ?’ ಎಂದು ಕೇಳಿದ್ದರು. ಆ ಪತ್ರ ಈಗಲೂ ನನ್ನ ಬಳಿ ಇದೆ. ಜಾರ್ಜಿಯಾ ಕರಾವಳಿಯ ಕಪ್ಪು ಜನರ ಗುಲ್ಲಾ ಮಾತು ತನ್ನದೇ ವ್ಯಾಕರಣವುಳ್ಳ ಭಾಷೆ, ಕೆಟ್ಟ ಇಂಗ್ಲಿಷ್ ಅಲ್ಲ. ಕನ್ನಡದಲ್ಲಿ ಅವರಿಗೆ ಗೌರವದ, ಬಿಗಿಯಾದ, ಹಾಸ್ಯಪ್ರಜ್ಞೆಯ ಮಾತು ಕೊಡಿ. ಒಡೆಯನ ಎದುರು ಆಡುವ ಮಾತು ಬೇರೆ, ಗುಡಿಸಲಿನಲ್ಲಿ ಆಡುವ ಮಾತು ಬೇರೆ ಎಂಬ ವ್ಯತ್ಯಾಸ ತೋರಿಸಿದರೆ ಇನ್ನೂ ಒಳ್ಳೆಯದು.

ಜಾತಿಯ ಹೋಲಿಕೆಯೇ ತಪ್ಪು ಎನ್ನುತ್ತಿಲ್ಲ. ಜೋತಿಬಾ ಫುಲೆ 1873ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕಕ್ಕೆ ‘ಗುಲಾಮಗಿರಿ’ ಎಂದೇ ಹೆಸರಿಟ್ಟು, ಗುಲಾಮಗಿರಿಯ ವಿರುದ್ಧ ತ್ಯಾಗ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆ ಸಂಬಂಧ ಹಳೆಯದು, ಗಟ್ಟಿಯಾದದ್ದು. ಆದರೆ ಅದನ್ನು ಕಂಡವರು ಕೆಳಗಿನಿಂದ ನೋಡಿದವರು. ನಿಮ್ಮ ಹಕ್ಕಿನ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಬೇರೆ ಜನರ ನೋವನ್ನು ಬರೆಯಬಾರದೆಂಬ ಕಟ್ಟಳೆ ಇಲ್ಲ. ಆ ನೋವನ್ನು ಯಾವ ಮನೆಯ ಕಿಟಕಿಯಿಂದ ನೋಡುತ್ತೀರಿ ಎಂಬುದಕ್ಕೆ ಮಾತ್ರ ನೀವು ಉತ್ತರ ಕೊಡಬೇಕಾಗುತ್ತದೆ. ನೀವು ಪ್ಲಾಂಟೇಷನ್ನಿಗೆ ಹೋದಾಗ ಮೊದಲು ಕಂಡದ್ದು ಓಕ್ ಮರಗಳ ಸಾಲು. ಆ ಸಾಲು ದೊಡ್ಡ ಮನೆಗೆ ಬರುವ ಅತಿಥಿಗಳಿಗಾಗಿ ನೆಟ್ಟದ್ದು.

ಈಗ ನಿಮ್ಮ ಮುಂದಿರುವ ದಾರಿಗಳು.

ರೋಸಾ–ಎಡ್ವರ್ಡರನ್ನು ಹಾಗೆಯೇ ಇಟ್ಟುಕೊಂಡು ಬರೆಯಬಹುದು, ಆದರೆ ಅದು ಪ್ರೇಮ ಕಾದಂಬರಿಯಾಗಿ ಉಳಿಯುವುದಿಲ್ಲ. ರೋಸಾಳ ಕಣ್ಣಿನಿಂದಲೇ ಹೇಳಬೇಕು, ಅವಳ ಲೆಕ್ಕಾಚಾರ, ಭಯ, ಸಿಟ್ಟು, ಬಂದರೆ ಮಮತೆ, ಎಲ್ಲವೂ ಬರಬೇಕು, ಸುಖಾಂತ್ಯದ ಆಸೆ ಬಿಡಬೇಕು. ಕಷ್ಟದ ದಾರಿ ಇದು. ಕೈ ತಪ್ಪಿದರೆ ಅವಳ ನೋವೇ ಓದುಗರಿಗೆ ರಂಜನೆಯಾಗುವ ಅಪಾಯವಿದೆ. ಮೊದಲ ಕಾದಂಬರಿಗೆ ನಾನು ಇದನ್ನು ಹೇಳುವುದಿಲ್ಲ.

ಎಡ್ವರ್ಡನನ್ನು ಒಡೆಯನ ಮಗನಲ್ಲದೆ ಗುಲಾಮಗಿರಿಯ ವಿರೋಧಿಯಾದ ಉತ್ತರದ ಶಿಕ್ಷಕನನ್ನಾಗಿಯೋ ಕ್ವೇಕರ್ ಎಂಬ ಕ್ರೈಸ್ತ ಪಂಥದವನನ್ನಾಗಿಯೋ ಮಾಡಬಹುದು. ಒಡೆತನದ ಗಂಟು ಸಡಿಲವಾಗುತ್ತದೆ, ಪೂರ್ತಿ ಬಿಚ್ಚುವುದಿಲ್ಲ. ಬಿಳಿಯ ಗಂಡಸು ಬಂದು ಬಿಡಿಸಿದ ಎಂಬ ಕಥೆ ಮತ್ತೆ ತಲೆಯೆತ್ತುತ್ತದೆ, ರೋಸಾ ಕಾಯುವವಳಾಗಿಯೇ ಉಳಿಯುತ್ತಾಳೆ. ಪ್ರೇಮ ಕಾದಂಬರಿಗಳ ಲೋಕದಲ್ಲಿ ಇಂತಹ ಅವಸರದ ಪಶ್ಚಾತ್ತಾಪಕ್ಕೆ ಈಗ ಸಹನೆ ಕಡಿಮೆ. 2021ರಲ್ಲಿ ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘ ಒಂದು ಕಾದಂಬರಿಗೆ ಕೊಟ್ಟ ಪ್ರಶಸ್ತಿಯನ್ನು ಹಿಂತೆಗೆದುಕೊಂಡಿತು. ಅದರ ನಾಯಕ 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಭಾಗಿಯಾದ ಸೈನಿಕ. ಅವನ ಪಶ್ಚಾತ್ತಾಪವನ್ನು ಕಥೆಗೆ ತಂದಿದ್ದರೂ, ಅಲ್ಲಿ ಸತ್ತ, ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರು ಅವನ ಪ್ರೇಮಕ್ಕೆ ಹಿನ್ನೆಲೆಯಾಗಿಬಿಟ್ಟರು ಎಂಬುದೇ ಓದುಗರ ಆಕ್ಷೇಪವಾಗಿತ್ತು.

ನನಗೆ ಇಷ್ಟವಾದ ದಾರಿಯಲ್ಲಿ ಪ್ರೀತಿ ರೋಸಾ ಮತ್ತು ಅವಳಂತೆಯೇ ಇದ್ದ ಒಬ್ಬನ ನಡುವೆ ಹುಟ್ಟುತ್ತದೆ. ಬಸವಣ್ಣ ತನ್ನ ಹುಟ್ಟನ್ನು ತಾನೇ ಆರಿಸಿಕೊಂಡ ವಚನ ನಿಮಗೆ ನೆನಪಿರಬಹುದು. ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು, ಹೊಲದಲ್ಲಿ ಬೆರಣಿ ಆಯಲು ಹೋದವರು ಕೂಡಿದರು, ಅವರ ಮಗ ನಾನು ಎನ್ನುತ್ತಾನೆ. ಒಡೆಯನ ಅಂಗಳಕ್ಕೆ ಹೋಗದೆ ಹೊಲಕ್ಕೆ ಹೋದ ಕವಿ ಅವನು. ನಿಮಗೆ ಬೇಕಾದ ಹೊಲ ಜಾರ್ಜಿಯಾದಲ್ಲೂ ಇದೆ. ಗುಲಾಮಗಿರಿಯಲ್ಲಿದ್ದವರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ, ಆದರೂ ಅವರು ಮದುವೆಯಾದರು. ಅನೇಕ ಕಡೆ ನೆಲದ ಮೇಲಿಟ್ಟ ಪೊರಕೆಯನ್ನು ಜೊತೆಯಾಗಿ ಹಾರುವುದೇ ಶಾಸ್ತ್ರ. ಗಂಡ ಒಂದು ಪ್ಲಾಂಟೇಷನ್ನಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಶನಿವಾರ ರಾತ್ರಿ ಒಡೆಯನ ಚೀಟಿ ಹಿಡಿದು ಮೈಲುಗಟ್ಟಲೆ ನಡೆದು ಹೋಗಿ ಸೋಮವಾರ ಬೆಳಗಿನೊಳಗೆ ಮರಳಬೇಕು. ಆ ಒಂದು ನಡಿಗೆಯಲ್ಲೇ ಒಂದು ಅಧ್ಯಾಯವಿದೆ.

ಎಲೆನ್ ಕ್ರಾಫ್ಟ್ ಹೆಸರು ಹೇಳಿದೆನಲ್ಲ, ಆಕೆಯ ಗಂಡ ವಿಲಿಯಂ ಬಡಗಿ. ಮಕ್ಕಳು ಹುಟ್ಟಿದರೆ ಅವರೂ ಮಾರಾಟದ ಸರಕಾಗುತ್ತಾರೆಂದು ಎಲೆನ್‌ಗೆ ಮದುವೆಯೇ ಬೇಡವಾಗಿತ್ತು. 1848ರ ಡಿಸೆಂಬರಿನಲ್ಲಿ ಆಕೆ ಕೂದಲು ಕತ್ತರಿಸಿ, ಕಾಯಿಲೆಯ ಬಿಳಿಯ ಜಮೀನ್ದಾರನ ವೇಷ ಹಾಕಿ, ವಿಲಿಯಂ ಅವನ ಸೇವಕನಾಗಿ, ಮೇಕನ್ ಊರಿನಿಂದ ರೈಲು ಹತ್ತಿದರು. ಎಲೆನ್‌ಗೆ ಬರೆಯಲು ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಸಹಿ ಕೇಳಿದರೆ ಏನು ಮಾಡುವುದೆಂದು ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ನೇತು ಹಾಕಿಕೊಂಡರು. ಕ್ರಿಸ್‌ಮಸ್ ದಿನ ಗುಲಾಮಗಿರಿ ಇಲ್ಲದ ಉತ್ತರದ ಫಿಲಡೆಲ್ಫಿಯಾ ತಲುಪಿದರು. ಇದಕ್ಕಿಂತ ಹೆಚ್ಚಿನ ಪ್ರೇಮಕಥೆಯನ್ನು ನಾವು ಕಲ್ಪಿಸಬೇಕೇ? ಬಾಲ್ಟಿಮೋರ್‌ನ ಆ್ಯನಾ ಮರ್ರಿಯೂ ಇದ್ದಾರೆ. ಸ್ವತಂತ್ರಳಾಗಿದ್ದ ಆ ಕಪ್ಪು ಯುವತಿ ಮನೆಗೆಲಸದಿಂದ ಕೂಡಿಟ್ಟ ಹಣವನ್ನು ಕೊಟ್ಟು, 1838ರಲ್ಲಿ ಗುಲಾಮಗಿರಿಯಲ್ಲಿದ್ದ ತನ್ನ ಮೆಚ್ಚಿನವನನ್ನು ನಾವಿಕನ ಉಡುಪಿನಲ್ಲಿ ರೈಲು ಹತ್ತಿಸಿದಳು. ಅವನೇ ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿ ಫ್ರೆಡರಿಕ್ ಡಗ್ಲಸ್ ಎಂದು ಹೆಸರಾದ. ಹತ್ತು ಹನ್ನೆರಡು ದಿನಗಳಲ್ಲೇ ನ್ಯೂಯಾರ್ಕಿನಲ್ಲಿ ಇಬ್ಬರೂ ಮದುವೆಯಾದರು. ಇಲ್ಲಿ ಬಿಡಿಸುವವಳೂ ಹೆಂಗಸು.

ಈ ದಾರಿಯಲ್ಲೂ ಒಂದು ಅಪಾಯವಿದೆ. ತಪ್ಪಿಸಿಕೊಂಡವರ ಕಥೆಯನ್ನಷ್ಟೇ ಹೇಳಿದರೆ, ತಪ್ಪಿಸಿಕೊಳ್ಳದವರು ಹೇಡಿಗಳೆಂಬ ಭಾವ ಬರುತ್ತದೆ. 1860ರ ಜನಗಣತಿಯಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 39.5 ಲಕ್ಷ. ಅವರಲ್ಲಿ ಬಹುಪಾಲು ಜನರಿಗೆ ಮಗು, ಮುದಿ ತಾಯಿ, ಪಕ್ಕದ ಪ್ಲಾಂಟೇಷನ್ನಿನ ಗಂಡ ಇದ್ದರು. ಉಳಿಯುವುದಕ್ಕೂ ಪ್ರೀತಿಯೇ ಕಾರಣವಾಗಿತ್ತು.

ಸುಖಾಂತ್ಯ ಬೇಕೇ ಬೇಕು ಎನ್ನುವುದಾದರೆ ಕಾಲವನ್ನು ಗುಲಾಮಗಿರಿ ಕೊನೆಗೊಂಡ 1865ರ ಆಚೆಗೆ ಒಯ್ಯಿರಿ. ಬಿಡುಗಡೆಯಾದ ಮೇಲೆ ಸಾವಿರಾರು ಜನರು ಮಾರಾಟವಾಗಿ ಹೋದ ಗಂಡನನ್ನು, ಹೆಂಡತಿಯನ್ನು, ಮಕ್ಕಳನ್ನು ಹುಡುಕಿ ಹೊರಟರು. ಕಪ್ಪು ಜನರ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು, ಚರ್ಚುಗಳಲ್ಲಿ ಅವನ್ನು ಓದಿ ಹೇಳುತ್ತಿದ್ದರು. ಕೊನೆಯದಾಗಿ ಯಾವ ಊರಿನಲ್ಲಿ ಕಂಡೆ, ಯಾರು ಕೊಂಡರು, ಆಗ ಮಗುವಿಗೆ ಎಷ್ಟು ವಯಸ್ಸು ಎಂಬುದೇ ಆ ಜಾಹೀರಾತುಗಳ ಒಡಲು. ಕೆಲವರು ಸಿಕ್ಕರು, ಹೆಚ್ಚಿನವರು ಸಿಗಲಿಲ್ಲ. ಸಿಕ್ಕಾಗ ಒಬ್ಬರು ಬೇರೆ ಮದುವೆಯಾಗಿರುತ್ತಿದ್ದರು. ಬೆವರ್ಲಿ ಜೆಂಕಿನ್ಸ್ ಎಂಬ ಆಫ್ರಿಕನ್ ಅಮೆರಿಕನ್ ಲೇಖಕಿ 1994ರಿಂದ ಈ ಬಿಡುಗಡೆಯ ನಂತರದ ಕಾಲವನ್ನು, ಕಪ್ಪು ಜನರೇ ಕಟ್ಟಿದ ಊರುಗಳನ್ನು ಹಿಡಿದು ಪ್ರೇಮ ಕಾದಂಬರಿಗಳನ್ನು ಬರೆಯುತ್ತ ಬಂದಿದ್ದಾರೆ. ಮೊದಲು ಅವರನ್ನು ಓದಿ.

ಗೆಳತಿಯ ವಿಷಯ. ಆಕೆಯನ್ನು ನಿಮ್ಮ ಹಸ್ತಪ್ರತಿಯ ಪರೀಕ್ಷಕಿಯನ್ನಾಗಿ ಮಾಡಿಕೊಳ್ಳಬೇಡಿ. ಕೇಳಿದ ಒಂದು ಪ್ರಶ್ನೆಗೇ ಆಕೆ ಎಷ್ಟು ನೋವನ್ನು ನುಂಗಿದರೋ ನಮಗೆ ಗೊತ್ತಿಲ್ಲ. ಓದಿಸಲೇಬೇಕಾದರೆ ಸಂಭಾವನೆ ಪಡೆದು ಈ ಕೆಲಸ ಮಾಡುವ ಓದುಗರಿದ್ದಾರೆ. ಅಧ್ಯಾಯಗಳ ಸಾರಾಂಶವನ್ನೂ ಮುಖ್ಯ ದೃಶ್ಯಗಳನ್ನೂ ಇಂಗ್ಲಿಷಿಗೆ ಮಾಡಿ ಅವರಿಗೆ ಕೊಡಿ. ಅವರು ಒಪ್ಪಿದರೆಂದು ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ, ಹೊಣೆ ನಿಮ್ಮದೇ.

ಮತ್ತೆ ಬರೆಯಲು ಕೂರುವ ಮೊದಲು ಒಂದು ಪ್ರಯಾಣ ಮಾಡಿ. ಅಟ್ಲಾಂಟಾದಿಂದ ಸವಾನಾಕ್ಕೆ ಕಾರಿನಲ್ಲಿ ನಾಲ್ಕು ಗಂಟೆ. 1859ರ ಮಾರ್ಚ್ 2 ಮತ್ತು 3ರಂದು ಅಲ್ಲಿನ ಕುದುರೆ ಜೂಜಿನ ಮೈದಾನದಲ್ಲಿ ಪಿಯರ್ಸ್ ಬಟ್ಲರ್ ಎಂಬವನು ತನ್ನ ಸಾಲ ತೀರಿಸಲು 436 ಜನರನ್ನು ಹರಾಜಿಗಿಟ್ಟ. ಎರಡೂ ದಿನ ಮಳೆ ಬಿಡಲಿಲ್ಲ. ‘ಅಳುವಿನ ಕಾಲ’ ಎಂದು ಆ ಜನರ ಮಕ್ಕಳು ಮೊಮ್ಮಕ್ಕಳು ಅದನ್ನು ನೆನೆಯುತ್ತಾರೆ. ಕೊಳ್ಳುವವನಂತೆ ನಟಿಸಿ ಒಳಗೆ ಹೋದ ನ್ಯೂಯಾರ್ಕಿನ ಪತ್ರಕರ್ತನೊಬ್ಬ ಕಂಡದ್ದನ್ನು ಬರೆದಿಟ್ಟಿದ್ದಾನೆ. ಜೆಫ್ರಿ ಎಂಬ ಇಪ್ಪತ್ಮೂರರ ಯುವಕ, ಪಟ್ಟಿಯಲ್ಲಿ 319ನೆಯವನು, ಮಾರಾಟವಾದ. ಅವನು ಪ್ರೀತಿಸಿದ ಡೋರ್ಕಸ್ 278ನೆಯವಳು, ಅವಳ ಸರದಿ ಇನ್ನೂ ಬಂದಿರಲಿಲ್ಲ. ಜೆಫ್ರಿ ತನ್ನನ್ನು ಕೊಂಡವನ ಬಳಿ ಹೋಗಿ ಅವಳನ್ನೂ ಕೊಳ್ಳಿ ಎಂದು ಬೇಡಿಕೊಂಡ. ತಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ ಎಂದ. ಅದರಿಂದ ಕೆಲಸವಾಗದು ಎನಿಸಿದಾಗ ವ್ಯಾಪಾರಿಯ ಮಾತಿಗಿಳಿದ. ಎತ್ತರದ ಹುಡುಗಿ, ಉದ್ದ ತೋಳು, ಆರೋಗ್ಯವಂತೆ, ಭತ್ತದ ಕೆಲಸದಲ್ಲಿ ಅವಳಷ್ಟು ಚುರುಕಾದವರು ಇಡೀ ಪ್ಲಾಂಟೇಷನ್ನಿನಲ್ಲೇ ಕಡಿಮೆ, 1,200 ಡಾಲರಿಗೆ ಮೋಸವಿಲ್ಲ ಎಂದ. ಮರುದಿನ ಡೋರ್ಕಸ್‌ಳನ್ನು ಒಬ್ಬಳೇ ಮಾರುವುದಿಲ್ಲ, ನಾಲ್ವರ ಒಂದು ಕುಟುಂಬದೊಂದಿಗೆ ಮಾರುತ್ತೇವೆ ಎಂದು ತಿಳಿದುಬಂತು. ಕೊಂಡವನು ಕೈಚೆಲ್ಲಿದ.

2008ರಲ್ಲಿ ಸವಾನಾದಲ್ಲಿ ಆ ಹರಾಜಿನ ನೆನಪಿಗೆ ಒಂದು ಫಲಕ ನೆಟ್ಟಿದ್ದಾರೆ. ಅಲ್ಲಿ ನಿಂತು, ಡೋರ್ಕಸ್ ಜೆಫ್ರಿಗೆ ಹಿಂದಿನ ಸಂಜೆ ಏನು ಹೇಳಿರಬಹುದು ಎಂದು ಯೋಚಿಸಿ. ಆ ಪುಟವನ್ನು ಬರೆದಾಗ ನನಗೆ ಕಳುಹಿಸಿ. ಹಳೆಯ ನೂರಾ ಎಂಬತ್ತು ಪುಟಗಳನ್ನು ಆಮೇಲೆ ನೋಡೋಣ.